50 ಎಂಬಿಪಿಎಸ್ ಲೈನಿನಲ್ಲಿ ಕಾಪಿ ವೇಗ 5.6 ಎಂಬಿ: ನನ್ನ ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ಚಾಮರಾಜಪೇಟೆ_ಅಚ್ಚು

ಎಲ್ಲರಿಗೂ ನಮಸ್ಕಾರ. ನಾನು ಚಾಮರಾಜಪೇಟೆಯ ಒಂದು ಸಣ್ಣ ಮುದ್ರಣಾಲಯದಲ್ಲಿ ಪುಟವಿನ್ಯಾಸದ ಕೆಲಸದ ಜೊತೆಗೆ ಕಂಪ್ಯೂಟರುಗಳ ಉಸ್ತುವಾರಿಯನ್ನೂ ನೋಡಿಕೊಳ್ಳುತ್ತಿದ್ದೇನೆ. ನೆಟ್‌ವರ್ಕ್ ನಾನು ಓದಿದ ವಿಷಯವಲ್ಲ. ಕಚೇರಿಯಲ್ಲಿರುವ ನಾಲ್ವರಲ್ಲಿ ಕೇಬಲ್ಲಿಗೆ ಕೈಹಾಕಲು ಹೆದರದವಳು ನಾನೊಬ್ಬಳೇ ಎಂಬ ಕಾರಣಕ್ಕೆ ಅದು ನನ್ನ ಪಾಲಿಗೆ ಬಂದಿದೆ. ನಮ್ಮ ಆಫ್‌ಸೆಟ್ ಯಂತ್ರಗಳು ಪೀಣ್ಯದಲ್ಲಿವೆ. ಚಾಮರಾಜಪೇಟೆಗೂ ಪೀಣ್ಯಕ್ಕೂ ನಡುವೆ ಈ ವರ್ಷ 50 ಎಂಬಿಪಿಎಸ್‌ನ ಲೀಸ್ಡ್ ಲೈನ್ (ನಮಗೇ ಮೀಸಲಾದ ಬಾಡಿಗೆ ಲೈನ್) ಹಾಕಿಸಿಕೊಂಡಿದ್ದೇವೆ.

ಕಳೆದ ಶುಕ್ರವಾರ, ಮರುಮುದ್ರಣಕ್ಕೆಂದು ಸ್ಕ್ಯಾನ್ ಮಾಡಿದ್ದ ಹಳೆಯ ಮಾಸಪತ್ರಿಕೆಗಳ ಸಂಪುಟಗಳನ್ನು ಪೀಣ್ಯಕ್ಕೆ ಕಳುಹಿಸಬೇಕಾಗಿತ್ತು. ಎ4 ಅಳತೆಯ ಪುಟ, 600 ಡಿಪಿಐ, ಬಣ್ಣದ ಟಿಫ್ ಕಡತ, ಒಂದೊಂದೂ ನೂರು ಎಂಬಿಯ ಆಸುಪಾಸು. ಅಂಥ ನಾಲ್ಕು ಸಾವಿರಕ್ಕೂ ಹೆಚ್ಚು ಪುಟಗಳು. ವಿಂಡೋಸಿನ ಪ್ರಾಪರ್ಟೀಸ್ ಕಿಟಕಿಯಲ್ಲಿ ಒಟ್ಟು 430 ಜಿಬಿ ಎಂದಿತ್ತು. 430 ಜಿಬಿ ಎಂದರೆ 4,30,000 ಎಂಬಿ, ಅದನ್ನು 50ರಿಂದ ಭಾಗಿಸಿದರೆ 8,600 ಸೆಕೆಂಡು, ಅಂದರೆ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ ಎಂದು ಮಾಲೀಕರಿಗೆ ಧೈರ್ಯವಾಗಿ ಹೇಳಿ, ಸಂಜೆ ಆರು ಗಂಟೆಗೆ ಕಾಪಿ ಹಚ್ಚಿದೆ. ಪೀಣ್ಯದಲ್ಲಿ ಪ್ಲೇಟ್ ತೆಗೆಯುವವರು ರಾತ್ರಿ ಹತ್ತರವರೆಗೆ ಕಾದು, ನನಗೆ ಮೂರು ಸಲ ಫೋನ್ ಮಾಡಿ, ಕೊನೆಗೆ ಬೀಗ ಹಾಕಿಕೊಂಡು ಮನೆಗೆ ಹೋದರು. ಕಾಪಿ ಮುಗಿದದ್ದು ಶನಿವಾರ ಮಧ್ಯಾಹ್ನ 3 ಗಂಟೆ 50 ನಿಮಿಷಕ್ಕೆ.

ಕಾಪಿ ನಡೆಯುತ್ತಿದ್ದಷ್ಟು ಹೊತ್ತೂ ಕಿಟಕಿಯಲ್ಲಿ ಸೆಕೆಂಡಿಗೆ 5.6 ಎಂಬಿ ಎಂದೇ ತೋರಿಸುತ್ತಿತ್ತು. ಬಿಟ್ ಬೇರೆ, ಬೈಟ್ ಬೇರೆ, ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಮೆಗಾಬಿಟ್, ಎಂಟು ಬಿಟ್ ಸೇರಿ ಒಂದು ಬೈಟ್, ಆದ್ದರಿಂದ ಎಂಟರಿಂದ ಭಾಗಿಸಬೇಕು ಎಂದು ಸ್ನೇಹಿತೆಯೊಬ್ಬರು ಆಮೇಲೆ ತಿಳಿಸಿದರು. ಹಾಗೆ ಮಾಡಿದರೂ 6.25 ಬರುತ್ತದೆಯೇ ಹೊರತು 5.6 ಬರುವುದಿಲ್ಲ. ಉಳಿದ 0.65 ಎಲ್ಲಿ ಹೋಯಿತು? ಲೈನ್ ಕೊಟ್ಟವರು ಕಡಿಮೆ ಕೊಡುತ್ತಿದ್ದಾರೆಯೇ?

ಇನ್ನೊಂದು ಗೊಂದಲವೂ ಇದೆ. ಹಳೆಯ ಲೈನಿಗಿಂತ ಹೊಸದು ಎಷ್ಟು ಪಟ್ಟು ವೇಗದ್ದು ಎಂದು ಒಂದು ಪುಟದ ಕೋಷ್ಟಕ ಮಾಡಿಕೊಡಲು ಮಾಲೀಕರು ಹೇಳಿದ್ದಾರೆ. ಹಳೆಯ ಕಡತದಲ್ಲಿ ಅದೇ ಲೈನನ್ನು ಒಂದು ಕಡೆ 2 ಎಂಬಿ ಎಂದೂ, ಮತ್ತೊಂದು ಕಡೆ 2048 ಕೆಬಿಪಿಎಸ್ ಎಂದೂ, ಬಿಲ್ಲಿನ ಮೇಲೆ ಇ1 ಎಂದೂ ಬರೆದಿದ್ದಾರೆ. 2048 ಎಂಬುದು 1024ರ ಎರಡರಷ್ಟಾದ್ದರಿಂದ, ದೂರಸಂಪರ್ಕದವರೂ 1024ರ ಲೆಕ್ಕವನ್ನೇ ಬಳಸುತ್ತಾರೆ, ಹಾಗಾಗಿ ನಮ್ಮ 50 ಎಂಬಿಪಿಎಸ್ ಎಂದರೆ 51,200 ಕೆಬಿಪಿಎಸ್ ಎಂದು ಬರೆದುಕೊಂಡಿದ್ದೇನೆ. ಇದು ಸರಿಯೇ?

ಉತ್ತರ: ರೂಟರ್_ಪಕ್ಕದವನು

ನಮಸ್ಕಾರ ಮೇಡಂ. ದೂರು ಬರೆಯುವ ಮೊದಲು ಇಲ್ಲಿ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ನೀವು ಕೊಟ್ಟಿರುವ ಅಂಕಿಗಳನ್ನು ನೋಡಿದರೆ ಲೈನ್ ಸರಿಯಾಗಿಯೇ ಇದೆ. 50ರಿಂದ 5.6ಕ್ಕೆ ಇಳಿಯುವ ದಾರಿಯಲ್ಲಿ ಮೂರು ಮೆಟ್ಟಿಲುಗಳಿವೆ. ನಿಮ್ಮ ಸ್ನೇಹಿತೆ ಮೊದಲನೆಯದನ್ನು ತೋರಿಸಿ ನಿಲ್ಲಿಸಿದ್ದಾರೆ.

ಆ ಮೊದಲ ಮೆಟ್ಟಿಲಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಕನ್ನಡದಲ್ಲಿ ಬರೆಯುವ ನಮಗೆ ಅಲ್ಲಿ ಒಂದು ಹೆಚ್ಚಿನ ಹೊಂಡವಿದೆ. ಇಂಗ್ಲಿಷ್ ಲಿಪಿಯಲ್ಲಿ ಬಿಟ್ಟಿಗೆ ಚಿಕ್ಕ ಬಿ ಅಕ್ಷರ, ಬೈಟಿಗೆ ದೊಡ್ಡ ಬಿ ಅಕ್ಷರ; ಎಚ್ಚರವಿದ್ದವರಿಗೆ ಅಷ್ಟಾದರೂ ಸುಳಿವು ಸಿಗುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲವಾದ್ದರಿಂದ "ಎಂಬಿ" ಎಂದು ಬರೆದ ಕ್ಷಣದಲ್ಲಿ ಆ ಸುಳಿವು ಅಳಿಸಿಹೋಗುತ್ತದೆ. ನಿಮ್ಮ ಹಳೆಯ ಕಡತದ "2 ಎಂಬಿ"ಯೂ, ನಿಮ್ಮ ಟಿಫ್ ಪುಟದ "ನೂರು ಎಂಬಿ"ಯೂ ಬೇರೆ ಬೇರೆ ಜಾತಿಯವು. ಆದ್ದರಿಂದ ಕೋಷ್ಟಕದಲ್ಲಿ ಮೆಗಾಬಿಟ್, ಮೆಗಾಬೈಟ್ ಎಂದು ಪೂರ್ತಿಯಾಗಿಯೇ ಬರೆಯಿರಿ. ತಂತಿಯ ಮೇಲೆ ಬಿಟ್ಟುಗಳು ಒಂದರ ಹಿಂದೊಂದು ಸಾಲಾಗಿ ಹೋಗುವುದರಿಂದ ಲೈನಿನ ವೇಗವನ್ನು ಬಿಟ್ಟಿನಲ್ಲಿ ಹೇಳುವುದು ಟೆಲಿಫೋನಿನ ಕಡೆಯವರ ರೂಢಿ. ಕಂಪ್ಯೂಟರಿನ ಕಡೆಯವರಿಗೆ ಕಡತದ ಗಾತ್ರವೇ ಮುಖ್ಯವಾದ್ದರಿಂದ ಅವರು ಬೈಟಿನಲ್ಲಿ ಹೇಳುತ್ತಾರೆ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 2004ರಲ್ಲಿ 256 ಕಿಲೋಬಿಟ್ ಎಂದೂ, 2013ರಲ್ಲಿ 512 ಕಿಲೋಬಿಟ್ ಎಂದೂ, 2023ರಲ್ಲಿ 2 ಮೆಗಾಬಿಟ್ ಎಂದೂ ಸರ್ಕಾರ ನಿಗದಿ ಮಾಡಿದ್ದು ಬಿಟ್ಟಿನಲ್ಲಿಯೇ.

ಎರಡನೆಯ ಮೆಟ್ಟಿಲು 1000 ಮತ್ತು 1024ರ ಜಗಳ. ಲೈನಿನ ಲೆಕ್ಕದಲ್ಲಿ ಕಿಲೋ ಎಂದರೆ ಸಾವಿರ, ಮೆಗಾ ಎಂದರೆ ಹತ್ತು ಲಕ್ಷ, ಗಿಗಾ ಎಂದರೆ ನೂರು ಕೋಟಿ. ವಿಂಡೋಸ್ ಮಾತ್ರ ಪ್ರತಿ ಹಂತಕ್ಕೂ 1024ರಿಂದ ಗುಣಿಸಿ, ಅದಕ್ಕೂ ಕೆಬಿ, ಎಂಬಿ, ಜಿಬಿ ಎಂಬ ಹಳೆಯ ಹೆಸರುಗಳನ್ನೇ ಅಂಟಿಸುತ್ತದೆ. ನಿಮ್ಮ ಹತ್ತಿರದ ಕೆ.ಆರ್. ಮಾರುಕಟ್ಟೆಯಲ್ಲಿ ಹೂವನ್ನು ಮೊಳದ ಲೆಕ್ಕದಲ್ಲಿ ಕೊಳ್ಳುವಾಗ ಮೊಳ ಯಾರ ಕೈಯದು ಎಂದು ನೋಡಿಕೊಳ್ಳುವುದಿಲ್ಲವೇ, ಇಲ್ಲಿಯೂ ಹಾಗೆಯೇ. ಈ ಗೊಂದಲವನ್ನು ಬಿಡಿಸಲೆಂದೇ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವು 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನು ಒಪ್ಪಿಕೊಂಡಿತು. ಲಿನಕ್ಸಿನ ಹಲವು ಉಪಕರಣಗಳು ಅವನ್ನು ಬಳಸುತ್ತವೆ, ವಿಂಡೋಸ್ ಬಳಸುವುದಿಲ್ಲ. ಮ್ಯಾಕ್ ಕಂಪ್ಯೂಟರುಗಳು 2009ರಲ್ಲಿ ಬಂದ 10.6 ಆವೃತ್ತಿಯಿಂದ ಸಾವಿರದ ಲೆಕ್ಕಕ್ಕೆ ಬದಲಾದವು. ಆದ್ದರಿಂದ ಒಂದೇ ಕಡತವು ನಿಮ್ಮ ವಿನ್ಯಾಸದ ಮ್ಯಾಕಿನಲ್ಲಿ ಒಂದು ಗಾತ್ರವನ್ನೂ ವಿಂಡೋಸಿನಲ್ಲಿ ಮತ್ತೊಂದನ್ನೂ ತೋರಿಸಿದರೆ ಗಾಬರಿಯಾಗಬೇಡಿ.

ಈ ವ್ಯತ್ಯಾಸವು ಕಿಲೋ ಹಂತದಲ್ಲಿ ಶೇಕಡ 2.4, ಮೆಗಾ ಹಂತದಲ್ಲಿ ಶೇಕಡ 4.86, ಗಿಗಾ ಹಂತದಲ್ಲಿ ಶೇಕಡ 7.37, ಟೆರಾ ಹಂತದಲ್ಲಿ ಹೆಚ್ಚುಕಡಿಮೆ ಶೇಕಡ 10 ಆಗುತ್ತದೆ. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕ್ ತಂದು ಹಾಕಿದರೆ ವಿಂಡೋಸ್ 931 ಜಿಬಿ ಎನ್ನುವುದು ಇದೇ ಕಾರಣಕ್ಕೆ. ನಿಮ್ಮ ವಿಂಡೋಸಿನ 430 ಜಿಬಿ ಎಂದರೆ ಸಾವಿರದ ಲೆಕ್ಕದಲ್ಲಿ 461.7 ಗಿಗಾಬೈಟ್. ಅದೇ ರೀತಿ, ಸೆಕೆಂಡಿಗೆ 6.25 ಮೆಗಾಬೈಟ್ ವೇಗವನ್ನು ವಿಂಡೋಸಿನ ಮೊಳದಲ್ಲಿ ಅಳೆದರೆ 5.96 ಆಗುತ್ತದೆ. ನಿಮ್ಮ 0.65ರಲ್ಲಿ 0.29 ಇಲ್ಲಿ ಸಿಕ್ಕಿತು. ಅದು ಎಲ್ಲಿಗೂ ಹೋಗಿಲ್ಲ, ಅಳತೆಗೋಲು ಬದಲಾಗಿದೆ ಅಷ್ಟೆ.

ಮೂರನೆಯ ಮೆಟ್ಟಿಲಿನಲ್ಲಿ ಮಾತ್ರ ನಿಜವಾಗಿಯೂ ಏನೋ ಖರ್ಚಾಗುತ್ತದೆ. ನೀವು ಮುದ್ರಣದವರಾದ್ದರಿಂದ ಬೇಗ ಅರ್ಥವಾದೀತು: ಕಾಗದದ ಹಾಳೆ ದೊಡ್ಡದಿದ್ದರೂ ಯಂತ್ರದ ಗ್ರಿಪ್ಪರ್ ಹಿಡಿಯುವ ಅಂಚು, ಟ್ರಿಮ್ಮಿಂಗಿನಲ್ಲಿ ಕತ್ತರಿಸಿ ಹೋಗುವ ಅಂಚು ಎಂದು ಬಿಟ್ಟ ಮೇಲೆ ಉಳಿಯುವುದೇ ಪುಟವಲ್ಲವೇ. ಕಡತವು ಸಣ್ಣ ಸಣ್ಣ ಕಟ್ಟುಗಳಾಗಿ ಹೋಗುತ್ತದೆ; ಈಥರ್ನೆಟ್ ಎಂಬ ಕೇಬಲ್ ಜಾಲದಲ್ಲಿ ಅಂಥ ಒಂದು ತುಂಬು ಕಟ್ಟು, ಅಂದರೆ ಫ್ರೇಮ್, ಲೈನಿನ ಮೇಲೆ 1538 ಬೈಟುಗಳಷ್ಟು ಜಾಗ ಹಿಡಿಯುತ್ತದೆ. ಅದರಲ್ಲಿ ಆರಂಭದ ಸಂಕೇತಕ್ಕೆ 8, ವಿಳಾಸ ಮುಂತಾದವುಗಳ ತಲೆಬರಹಕ್ಕೆ 14, ತಪ್ಪು ಪರೀಕ್ಷೆಗೆ 4, ಮುಂದಿನ ಫ್ರೇಮಿಗೆ ಮುನ್ನ ಬಿಡುವ ತೆರವಿಗೆ 12 ಹೋಗುತ್ತವೆ. ಒಳಗಿನ 1500ರಲ್ಲಿಯೂ ವಿಳಾಸ ನೋಡಿ ತಲುಪಿಸುವ ಐಪಿಗೆ 20, ತಲುಪಿತೇ ಎಂದು ಖಾತ್ರಿ ಮಾಡಿಕೊಳ್ಳುವ ಟಿಸಿಪಿಗೆ 20 ಹೋಗಿ ನಿಮ್ಮ ಕಡತಕ್ಕೆ ದಕ್ಕುವುದು 1460 ಬೈಟ್, ಅಂದರೆ ಶೇಕಡ 94.9. ಆ 5.96ಕ್ಕೆ ಈ ಪ್ರಮಾಣ ಹಚ್ಚಿದರೆ 5.66 ಬರುತ್ತದೆ. ವಿಂಡೋಸಿನ ಕಡತ ಹಂಚಿಕೆಯ ನಿಯಮಾವಳಿಗೂ (ಪ್ರೋಟೋಕಾಲ್) ಸ್ವಲ್ಪ ಖರ್ಚಿರುತ್ತದೆ. ಹಾಗಾಗಿ 5.6 ಕಂಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೇಜಿನ ಮೇಲೆ ಬರೆದಿಟ್ಟುಕೊಳ್ಳಲು ಒಂದು ಸುಲಭದ ಲೆಕ್ಕ ಕೊಡುತ್ತೇನೆ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಲೈನ್ ಬಿಡುವಿಲ್ಲದೆ ಹರಿದರೆ ಒಂದು ಗಂಟೆಗೆ 450 ಮೆಗಾಬೈಟ್, ಒಂದು ದಿನಕ್ಕೆ 10.8 ಗಿಗಾಬೈಟ್, ಮೂವತ್ತು ದಿನಗಳ ತಿಂಗಳಿಗೆ 324 ಗಿಗಾಬೈಟ್ ಆಗುತ್ತದೆ. ನಿಮ್ಮ 50 ಮೆಗಾಬಿಟ್ಟಿಗೆ ದಿನಕ್ಕೆ 540 ಗಿಗಾಬೈಟ್. 461.7ನ್ನು 540ರಿಂದ ಭಾಗಿಸಿ 24ರಿಂದ ಗುಣಿಸಿದರೆ 20 ಗಂಟೆ 31 ನಿಮಿಷ. ಅಂಚಿನ ಖರ್ಚು ಸೇರಿಸಿದರೆ 21 ಗಂಟೆ 37 ನಿಮಿಷ. ನಿಮಗೆ ಹಿಡಿದದ್ದು 21 ಗಂಟೆ 50 ನಿಮಿಷ.

ಇ1 ವಿಚಾರವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರೊಬ್ಬರು ಇಲ್ಲಿದ್ದಾರೆ, ಅವರಿಗೇ ಬಿಡುತ್ತೇನೆ. ಆ 51,200ನ್ನು ಮಾತ್ರ ಈಗಲೇ ಹೊಡೆದುಹಾಕಿ, ಅದು 50,000.

ಚಾಮರಾಜಪೇಟೆ_ಅಚ್ಚು

ತುಂಬ ಉಪಕಾರವಾಯಿತು. ಗ್ರಿಪ್ಪರಿನ ಅಂಚಿನ ಹೋಲಿಕೆಯನ್ನು ಮಾಲೀಕರಿಗೆ ಹಾಗೆಯೇ ಹೇಳಿದೆ. ಅವರಿಗೆ ಒಂದೇ ಮಾತಿಗೆ ಅರ್ಥವಾಯಿತು. ಆದರೆ 2048 ಎಂಬ ಅಂಕಿ ನನ್ನನ್ನು ಇನ್ನೂ ಕಾಡುತ್ತಿದೆ. ಸಾವಿರದ ಲೆಕ್ಕವೇ ಆಗಿದ್ದರೆ ಅದು ದುಂಡಾಗಿ 2000 ಆಗಬೇಕಿತ್ತಲ್ಲವೇ?

ಉತ್ತರ: ಹಳೇ_ಎಕ್ಸ್‌ಚೇಂಜ್

ನಿಮ್ಮ ಸಂದೇಹ ಹೊಸದಲ್ಲಮ್ಮ. ನಾನು ಕೆಲಸದಲ್ಲಿದ್ದಾಗ ಹೊಸದಾಗಿ ಸೇರಿದ ಎಂಜಿನಿಯರುಗಳಲ್ಲಿ ಅರ್ಧ ಜನ ಇದೇ ಬಲೆಗೆ ಬೀಳುತ್ತಿದ್ದರು, ಏಕೆಂದರೆ 2048 ಎಂಬುದು ಕಂಪ್ಯೂಟರಿನವರ ಮುಖ ಹೊತ್ತುಕೊಂಡು ಬಂದ ಟೆಲಿಫೋನಿನ ಅಂಕಿ.

ಅದರ ಹುಟ್ಟನ್ನು ನೋಡೋಣ. ಟೆಲಿಫೋನಿನಲ್ಲಿ ಮನುಷ್ಯನ ಮಾತಿಗೆ 300ರಿಂದ 3400 ಹರ್ಟ್ಸ್‌ವರೆಗಿನ ಪಟ್ಟಿ ಸಾಕೆಂದು ಇಟ್ಟುಕೊಂಡು, ಒಂದು ಮಾತಿನ ಹಾದಿಗೆ 4000 ಹರ್ಟ್ಸ್ ಮೀಸಲಿಟ್ಟರು. ಅದನ್ನು ಅಂಕಿಗಳಾಗಿ ಬದಲಿಸಬೇಕಾದರೆ ಕನಿಷ್ಠ ಅದರ ಎರಡರಷ್ಟು ಸಲ, ಎಂದರೆ ಸೆಕೆಂಡಿಗೆ 8000 ಸಲ ಅಳತೆ ತೆಗೆಯಬೇಕು. ಪ್ರತಿ ಅಳತೆಗೆ 8 ಬಿಟ್. ಆದ್ದರಿಂದ ಒಂದು ಮಾತಿಗೆ ಸೆಕೆಂಡಿಗೆ 64,000 ಬಿಟ್. ಇದೇ 64 ಕಿಲೋಬಿಟ್ಟಿನ ಚಾನೆಲ್. ಅಂಥ 32 ಟೈಮ್ ಸ್ಲಾಟುಗಳನ್ನು ಒಂದೇ ತಂತಿಯ ಮೇಲೆ ಸರದಿಯಂತೆ ಕಳುಹಿಸಿದರೆ ಸೆಕೆಂಡಿಗೆ 20,48,000 ಬಿಟ್. ಅದೇ ಇ1. ಇಪ್ಪತ್ತು ಲಕ್ಷದ ನಲವತ್ತೆಂಟು ಸಾವಿರವನ್ನು ಸಾವಿರದಿಂದ ಭಾಗಿಸಿ 2048 ಕಿಲೋಬಿಟ್ ಎಂದೋ, ಹತ್ತು ಲಕ್ಷದಿಂದ ಭಾಗಿಸಿ 2.048 ಮೆಗಾಬಿಟ್ ಎಂದೋ ಬರೆಯುತ್ತೇವೆ. ಇಡೀ ಲೆಕ್ಕದಲ್ಲಿ 1024 ಎಲ್ಲಿಯೂ ಗುಣಕವಾಗಿ ಕುಳಿತಿಲ್ಲ. 64 ಮತ್ತು 32 ಎರಡೂ ಎರಡರ ಘಾತಗಳಾದ್ದರಿಂದ ಗುಣಲಬ್ಧವು 2048 ಆಯಿತು. "2 ಎಂಬಿ" ಎಂಬುದು ಬಾಯಿಮಾತಿನ ಸುಲಭಕ್ಕೆ ಬಾಲ ಕತ್ತರಿಸಿದ ರೂಪ.

ನಂಬಿಕೆಯಾಗದಿದ್ದರೆ ಅಮೆರಿಕದವರ ಟಿ1 ನೋಡಿ. ಅವರು ತೆಗೆದುಕೊಂಡದ್ದು 24 ಚಾನೆಲ್. ಒಂದು ಸುತ್ತಿಗೆ 192 ಬಿಟ್, ಜೊತೆಗೆ ಹೊಂದಾಣಿಕೆಯ ಒಂದು ಬಿಟ್, ಒಟ್ಟು 193. ಸೆಕೆಂಡಿಗೆ 8000 ಸುತ್ತು ಎಂದರೆ 15,44,000 ಬಿಟ್, ಎಂದರೆ 1.544 ಮೆಗಾಬಿಟ್. ಇದನ್ನು 1024ರಿಂದ ಹೇಗೆ ಭಾಗಿಸಿದರೂ ದುಂಡು ಅಂಕಿ ಬರುವುದಿಲ್ಲ. ಭಾರತದಲ್ಲಿ ನಾವು ಯುರೋಪಿನ ಇ1 ಶ್ರೇಣಿಯನ್ನೇ ಅನುಸರಿಸಿದೆವು.

ಇ1ರಲ್ಲಿಯೂ ನಿಮ್ಮ ಗ್ರಿಪ್ಪರಿನ ಅಂಚು ಇದೆ. ಸೊನ್ನೆಯನೆಯ ಸ್ಲಾಟು ಎರಡೂ ತುದಿಗಳ ಹೊಂದಾಣಿಕೆಗೆ ಮೀಸಲು. ಮಾತಿನ ಲೈನಾಗಿದ್ದರೆ ಸಾಮಾನ್ಯವಾಗಿ 16ನೆಯದು ಕರೆಗಳ ಸಂಜ್ಞೆಗೆ ಹೋಗುತ್ತದೆ. ಹಾಗಾಗಿ ಮಾತಿಗೆ ಸಿಗುವುದು 30 ಚಾನೆಲ್, ಡೇಟಾಗೆ ಬಳಸಿದರೆ 31. ಒಮ್ಮೆ ಒಬ್ಬ ಗ್ರಾಹಕರು, ತಮ್ಮ ರೂಟರಿನ ಪರದೆಯಲ್ಲಿ 1984 ಎಂದು ಬರುತ್ತಿದೆ, ಬಿಲ್ಲಿನಲ್ಲಿ 2048 ಎಂದಿದೆ, ನಡುವಿನ 64ನ್ನು ಯಾರು ನುಂಗಿದರು ಎಂದು ಸಿಟ್ಟಿನಿಂದ ಬಂದಿದ್ದರು. ಅವರನ್ನು ರ್‍ಯಾಕಿನ ಹತ್ತಿರ ಕರೆದುಕೊಂಡು ಹೋಗಿ, 31 ಸ್ಲಾಟುಗಳನ್ನು 64ರಿಂದ ಗುಣಿಸಿ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದರು; ಮುಂದಿನ ತಿಂಗಳ ಬಿಲ್ಲನ್ನು ತಕರಾರಿಲ್ಲದೆ ಕಟ್ಟಿದರು.

ಹಲವು ಇ1ಗಳನ್ನು ಒಟ್ಟಿಗೆ ಸಾಗಿಸುವ ದೊಡ್ಡ ಹಂತ ಎಸ್‌ಟಿಎಂ-1. ಅದನ್ನು "155" ಎಂದು ಕರೆಯುತ್ತೇವೆ. ನಿಜವಾದ ಅಂಕಿ 155.52 ಮೆಗಾಬಿಟ್. ಅಡ್ಡಕ್ಕೆ 270, ಉದ್ದಕ್ಕೆ 9 ಬೈಟುಗಳ ಒಂದು ಚೌಕಟ್ಟು ಸೆಕೆಂಡಿಗೆ 8000 ಸಲ ಹೋಗುತ್ತದೆ: ಹದಿನೈದು ಕೋಟಿ ಐವತ್ತೈದು ಲಕ್ಷ ಇಪ್ಪತ್ತು ಸಾವಿರ ಬಿಟ್. ಅದರೊಳಗೆ 63 ಇ1ಗಳನ್ನು ತುಂಬಬಹುದು. 63ನ್ನು 2.048ರಿಂದ ಗುಣಿಸಿದರೆ 129.024 ಮಾತ್ರ ಬರುತ್ತದೆ, ಮಿಕ್ಕದ್ದು ಕಟ್ಟುವ ದಾರಕ್ಕೆ ಹೋಯಿತು. ಅದರ ಹದಿನಾರರಷ್ಟಾದ ಎಸ್‌ಟಿಎಂ-16 ಎಂದರೆ 2488.32 ಮೆಗಾಬಿಟ್, ಆಡುಮಾತಿನ "ಎರಡೂವರೆ ಗಿಗ್".

ನನಗೆ ಇಷ್ಟವಾದ ಸಂಗತಿಯೆಂದರೆ, ಮಲ್ಲೇಶ್ವರದ ನಮ್ಮ ಮನೆಗೆ ಬಂದಿರುವ ಜಿಪಾನ್ ಎಂಬ ಬಗೆಯ ಫೈಬರಿನಲ್ಲಿ ಮನೆಯ ಕಡೆಗೆ ಬರುವ ವೇಗವೂ ಇದೇ 2.488 ಗಿಗಾಬಿಟ್. ಅದನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ ಎಂಬುದು ಬೇರೆ ಮಾತು. ಅದರ ಚೌಕಟ್ಟಿನಲ್ಲಿ 38,880 ಬೈಟುಗಳಿದ್ದು, ಅದೂ ಸೆಕೆಂಡಿಗೆ 8000 ಸಲವೇ ಬರುತ್ತದೆ. ಮನೆಯಲ್ಲಿ ಟೆಲಿಫೋನನ್ನು ಎತ್ತುವವರಿಲ್ಲದಿದ್ದರೂ ಅದರ ನಾಡಿಬಡಿತ ಗಾಜಿನ ಎಳೆಯಲ್ಲಿ ಹಾಗೆಯೇ ನಡೆಯುತ್ತಿದೆ. ಮೊಬೈಲಿನಲ್ಲಿ ದಿನದ ಡೇಟಾ ಮುಗಿದ ಮೇಲೆ ಹಲವು ಪ್ಲಾನುಗಳು ವೇಗವನ್ನು 64 ಕಿಲೋಬಿಟ್ಟಿಗೆ ಇಳಿಸುತ್ತವೆ. ಅದೂ ಹಳೆಯ ಒಂದು ಮಾತಿನ ಚಾನೆಲ್ಲಿನಷ್ಟೇ. ಸೆಕೆಂಡಿಗೆ 8 ಕಿಲೋಬೈಟ್, ಒಂದು ಮೆಗಾಬೈಟಿನ ಫೋಟೋ ಬರಲು 125 ಸೆಕೆಂಡು. ಮೊಮ್ಮಗಳು ಫೋನನ್ನು ಅಲ್ಲಾಡಿಸುತ್ತಾ ಕೂರುವುದು ಆ ಎರಡು ನಿಮಿಷಗಳಲ್ಲಿಯೇ.

ನಿಮ್ಮ ಕೋಷ್ಟಕಕ್ಕೆ ಬೇಕಾದದ್ದು ಇಷ್ಟು: 50ನ್ನು 2.048ರಿಂದ ಭಾಗಿಸಿದರೆ 24.4. ಡೇಟಾಗೆ ಸಿಗುತ್ತಿದ್ದ 1.984ರಿಂದ ಭಾಗಿಸಿದರೆ 25.2. ಎರಡು ಬದಿಯಲ್ಲೂ ಒಂದೇ ಬಗೆಯ ವೇಗವನ್ನು ಹೋಲಿಸಬೇಕಾದ್ದರಿಂದ ಮೊದಲನೆಯದನ್ನೇ ಹಾಕಿ, "ಸುಮಾರು 24 ಪಟ್ಟು" ಎನ್ನಿ. ಹಳೆಯ ಕಾಗದಗಳಲ್ಲಿ ಆಕ್ಟೆಟ್ ಎಂದು ಕಂಡರೆ ಅದು ಎಂಟು ಬಿಟ್ಟಿನ ಬೈಟ್ ಎಂದೇ ಓದಿಕೊಳ್ಳಿ. ಬಾಡ್ ಎಂದು ಕಂಡರೆ ಮಾತ್ರ ಪರಿವರ್ತಿಸಲು ಹೋಗಬೇಡಿ. ಅದು ಸೆಕೆಂಡಿಗೆ ಸಂಕೇತ ಎಷ್ಟು ಸಲ ಬದಲಾಗುತ್ತದೆ ಎಂಬ ಎಣಿಕೆ. ಹಿಂದಿನ ಕಾಲದ 2400 ಬಿಟ್ಟಿನ ಮೋಡೆಮ್ 600 ಬಾಡಿನಲ್ಲಿ, ಒಂದೊಂದು ಬದಲಾವಣೆಗೆ ನಾಲ್ಕು ಬಿಟ್ ಹೊರಿಸಿ ಕಳುಹಿಸುತ್ತಿತ್ತು. ಯಂತ್ರದ ವಿಧಾನ ತಿಳಿಯದೆ ಬಾಡಿನಿಂದ ಬಿಟ್ಟಿಗೆ ಹೋಗುವ ದಾರಿಯಿಲ್ಲ.

ಉತ್ತರ: ಸ್ಕೂಟರ್_ಸವಾರ

ಹಿರಿಯರ ಮುಂದೆ ಸಣ್ಣ ಮಾತು, ಆದರೂ ಲೆಕ್ಕ ಹಾಕದೆ ಇರಲಾಗಲಿಲ್ಲ. ಆ 461.7 ಗಿಗಾಬೈಟನ್ನು ಒಂದು ಹಾರ್ಡ್ ಡಿಸ್ಕಿಗೆ ತುಂಬಿ, ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು, ಯಶವಂತಪುರದ ಮೇಲೆ ತುಮಕೂರು ರಸ್ತೆ ಹಿಡಿದು, ಗೊರಗುಂಟೆಪಾಳ್ಯದ ಜಾಮಿನಲ್ಲಿ ನಿಂತೂ ಒಂದು ಗಂಟೆಯಲ್ಲಿ ಪೀಣ್ಯ ಮುಟ್ಟಿದರೆ, ಸ್ಕೂಟರಿನ ವೇಗ ಸೆಕೆಂಡಿಗೆ 1.03 ಗಿಗಾಬಿಟ್ ಆಗುತ್ತದೆ. ಮೋಸ ಬೇಡವೆಂದು ಡಿಸ್ಕಿಗೆ ತುಂಬುವ, ಅಲ್ಲಿ ಇಳಿಸುವ ಹೊತ್ತನ್ನೂ ಸೇರಿಸುತ್ತೇನೆ: ಸೆಕೆಂಡಿಗೆ 100 ಮೆಗಾಬೈಟಿನಂತೆ ಒಂದೊಂದಕ್ಕೆ 77 ನಿಮಿಷ. ಒಟ್ಟು 3 ಗಂಟೆ 34 ನಿಮಿಷ, 288 ಮೆಗಾಬಿಟ್. ಮಳೆ ಬಂದರೆ ಲೆಕ್ಕ ಬದಲಾಗುತ್ತದೆ.

ಉತ್ತರ: ಶೇಪರ್_80

ಸ್ಕೂಟರಿನ ಲೆಕ್ಕ ಸರಿಯಾಗಿದೆ. ಆದರೆ ರೂಟರ್_ಪಕ್ಕದವನು ಅವರು ಮೂರನೆಯ ಮೆಟ್ಟಿಲಿನಲ್ಲಿ ಹೇಳಿದ್ದಕ್ಕೆ ನನ್ನದೊಂದು ತಕರಾರಿದೆ. 1538 ಎಂಬ ಅಂಕಿಯನ್ನು ನೇರವಾಗಿ ಹಚ್ಚುವುದು ಲೈನಿನ ಭೌತಿಕ ವೇಗವೇ 50 ಆಗಿದ್ದರೆ ಸರಿ. ಆದರೆ ಮುದ್ರಣಾಲಯದ ಗೋಡೆಯಲ್ಲಿರುವ ಈಥರ್ನೆಟ್ ಪೋರ್ಟಿಗೆ 50 ಎಂಬ ವೇಗವೇ ಇರುವುದಿಲ್ಲ; ಅದು 100 ಅಥವಾ 1000. ಬಿಟ್ಟುಗಳು ಆ ಪೂರ್ತಿ ವೇಗದಲ್ಲಿಯೇ ಹೊರಟು, ಸೇವೆ ಕೊಡುವವರ ಉಪಕರಣವು ನಡುನಡುವೆ ತಡೆದು ನಿಲ್ಲಿಸಿ ಸರಾಸರಿಯನ್ನು 50ಕ್ಕೆ ತರುತ್ತದೆ. ಹಾಗೆ ತಡೆಯುವ ಉಪಕರಣ ಏನನ್ನು ಎಣಿಸುತ್ತದೆ ಎಂಬುದೇ ಇಲ್ಲಿ ಪ್ರಶ್ನೆ. ಆರಂಭದ ಸಂಕೇತ ಮತ್ತು ತೆರವಿನ 20 ಬೈಟುಗಳನ್ನು ಬಿಟ್ಟು ಫ್ರೇಮನ್ನು ಮಾತ್ರ ಎಣಿಸಿದರೆ 1518ಕ್ಕೆ 1460 ದಕ್ಕಿ, ವಿಂಡೋಸಿನ ಕಿಟಕಿಯಲ್ಲಿ 5.73 ಕಾಣಬೇಕು. ಐಪಿ ಪ್ಯಾಕೆಟನ್ನು ಮಾತ್ರ ಎಣಿಸಿದರೆ 1500ಕ್ಕೆ 1460, ಎಂದರೆ 5.80. ಎಲ್ಲವನ್ನೂ ಎಣಿಸಿದರೆ ಮಾತ್ರ ಅವರು ಹೇಳಿದ 5.66. ಇವುಗಳಲ್ಲಿ ಯಾವುದು ಎಂಬುದು ಉಪಕರಣವನ್ನು ಹೇಗೆ ಹೊಂದಿಸಿದ್ದಾರೆ ಎಂಬುದರ ಮೇಲೆ ನಿಂತಿದೆ. ಎರಡು ಕಚೇರಿಗಳ ನಡುವೆ ವಿಪಿಎನ್ ಸುರಂಗ (ಡೇಟಾವನ್ನು ಗುಪ್ತವಾಗಿ ಸುತ್ತಿ ಕಳುಹಿಸುವ ಏರ್ಪಾಡು) ಇದ್ದರೆ ಪ್ರತಿ ಪ್ಯಾಕೆಟಿಗೂ ಇನ್ನೊಂದು ಹೊದಿಕೆ ಸೇರಿ, ದಕ್ಕುವುದು ಇನ್ನೂ ಇಳಿಯುತ್ತದೆ. ಆದ್ದರಿಂದ 5.6 ಬಂದದ್ದರಿಂದಲೇ ಲೆಕ್ಕ ಪೂರ್ತಿ ಹೊಂದಿತು ಎಂದುಕೊಳ್ಳಬೇಡಿ. ಒಪ್ಪಂದದ ಪತ್ರದಲ್ಲಿ ಯಾವ ಹಂತದ 50 ಎಂದು ಬರೆದಿದ್ದಾರೆ ನೋಡಿ.

ಅಳೆದು ನೋಡುವುದಾದರೆ ಕಡತದ ಕಾಪಿಯನ್ನು ನೆಚ್ಚಿಕೊಳ್ಳದೆ ಎರಡೂ ತುದಿಯಲ್ಲಿ ಐಪರ್ಫ್ ಎಂಬ ವೇಗ ಅಳೆಯುವ ತಂತ್ರಾಂಶ ಹಾಕಿ. ಆದರೆ ಅದರ ಪರದೆಯನ್ನು ಓದುವಾಗಲೂ ಎಚ್ಚರವಿರಲಿ. ಕಚೇರಿಯೊಳಗಿನ ಒಂದು ಗಿಗಾಬಿಟ್ ಸ್ವಿಚ್ಚಿನ ಮೇಲೆ ಅದನ್ನು ಓಡಿಸಿದರೆ ಒಂದು ಸೆಕೆಂಡಿಗೆ ಸಾಮಾನ್ಯವಾಗಿ 112 ಮೆಗಾಬೈಟ್ ಹೋಯಿತು ಎಂದೂ, ಅದರ ಪಕ್ಕದಲ್ಲಿಯೇ ವೇಗ 941 ಮೆಗಾಬಿಟ್ ಎಂದೂ ಬರೆಯುತ್ತದೆ. 112ನ್ನು ಎಂಟರಿಂದ ಗುಣಿಸಿ ನೋಡಿ, 896 ಬರುತ್ತದೆ. ಒಂದೇ ಸಾಲಿನಲ್ಲಿ ಬೈಟಿಗೆ 1024ರ ಲೆಕ್ಕ, ಬಿಟ್ಟಿಗೆ ಸಾವಿರದ ಲೆಕ್ಕ! ಆ 941 ಕೂಡ ಕೈಗೆ ಬಂದ ಅಂಕಿಯಲ್ಲ. ಟಿಸಿಪಿಯು ಪ್ರತಿ ಪ್ಯಾಕೆಟಿನಲ್ಲಿ ಸಮಯದ ಗುರುತಿಗೆಂದು ಇನ್ನೂ 12 ಬೈಟ್ ತೆಗೆದುಕೊಂಡಾಗ 1538ರಲ್ಲಿ ಉಳಿಯುವುದು 1448, ಎಂದರೆ ಶೇಕಡ 94.15.

ರೂಟರ್_ಪಕ್ಕದವನು

ಒಪ್ಪಿದೆ. ಪೋರ್ಟಿನ ವೇಗ ಬೇರೆ, ಕೊಂಡ ವೇಗ ಬೇರೆ ಎಂಬುದನ್ನು ನಾನು ಬರೆಯಬೇಕಿತ್ತು. 5.66ಕ್ಕೂ 5.6ಕ್ಕೂ ಹತ್ತಿರವಾದದ್ದು ಕಂಡು ಅಲ್ಲಿಯೇ ಲೆಕ್ಕ ಮುಗಿಸಿಬಿಟ್ಟೆ. ಮೊದಲ ಎರಡು ಮೆಟ್ಟಿಲುಗಳು ಮಾತ್ರ ಯಾವ ಉಪಕರಣ ಬಂದರೂ ಬದಲಾಗುವುದಿಲ್ಲ.

ಚಾಮರಾಜಪೇಟೆ_ಅಚ್ಚು

ಎಲ್ಲರಿಗೂ ಕೃತಜ್ಞತೆಗಳು. ಒಪ್ಪಂದದ ಪ್ರತಿಯನ್ನು ತೆಗೆದು ನೋಡಿದೆ. ಅದರಲ್ಲಿ "50 ಎಂಬಿಪಿಎಸ್" ಎಂದಷ್ಟೇ ಇದೆ. ಯಾವ ಹಂತದ ಎಣಿಕೆ ಎಂಬ ವಿವರವಿಲ್ಲ. ಅದನ್ನು ಬರಹದಲ್ಲಿ ಕೇಳಿ ಮಿಂಚಂಚೆ ಕಳುಹಿಸಿದ್ದೇನೆ. ಎರಡು ಕಚೇರಿಗಳ ನಡುವೆ ವಿಪಿಎನ್ ಇರುವುದು ನಿಜ. ಹಿಂದೆ ರೂಟರ್ ಹಾಕಿಕೊಟ್ಟವರು ಹೊಂದಿಸಿ ಹೋಗಿದ್ದು, ಇದುವರೆಗೆ ನನಗೆ ತಿಳಿದೇ ಇರಲಿಲ್ಲ.

ಕೋಷ್ಟಕದಲ್ಲಿ ಎಲ್ಲ ಕಡೆ ಮೆಗಾಬಿಟ್, ಮೆಗಾಬೈಟ್ ಎಂದು ಪೂರ್ತಿ ಬರೆದು, ವಿಂಡೋಸ್ ತೋರಿಸುವ ಗಾತ್ರಕ್ಕೆ ಬೇರೆಯೇ ಕಂಬಸಾಲು ಮಾಡಿದ್ದೇನೆ. ನಿನ್ನೆ ಎರಡನೆಯ ಕಂತು ಕಳುಹಿಸುವುದಿತ್ತು, ವಿಂಡೋಸಿನ ಲೆಕ್ಕದಲ್ಲಿ 210 ಜಿಬಿ. ಅದನ್ನು 225.5 ಗಿಗಾಬೈಟಿಗೆ ತಿರುಗಿಸಿ, ದಿನಕ್ಕೆ 540ರಂತೆ ಹತ್ತು ಗಂಟೆ ಎಂದು ಎಣಿಸಿ, ಅಂಚಿಗೆ ಅರ್ಧ ಗಂಟೆ ಸೇರಿಸಿ, ರಾತ್ರಿ ಎಂಟಕ್ಕೆ ಹಚ್ಚಿದರೆ ಬೆಳಗ್ಗೆ ಆರೂವರೆಗೆ ಮುಗಿಯುತ್ತದೆ ಎಂದು ಪೀಣ್ಯದವರಿಗೆ ಮೊದಲೇ ತಿಳಿಸಿದ್ದೆ. ಕಾಪಿ ಮುಗಿದದ್ದು 6 ಗಂಟೆ 40 ನಿಮಿಷಕ್ಕೆ. ಅವರು ಏಳಕ್ಕೆ ಬಂದು ಪ್ಲೇಟ್ ತೆಗೆಯಲು ಶುರುಮಾಡಿದ್ದಾರೆ.